ಅಂಚಿನಷ್ಟೇ ಜೀವ

ಹೊಳೆಯಬೇಕಾದ ಜಾಗ ಹೊಳೆಯಲಿಲ್ಲ. ಅವನು ಕಣ್ಣುಜ್ಜಿಕೊಂಡು ಮತ್ತೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದ. ಕತ್ತಲೆ ಕೋಣೆ. ಗಾಜಿನ ಮೇಲೆ ಕೂದಲಿಗಿಂತ ತೆಳ್ಳಗೆ ಕೊಯ್ದ ಕೊಬ್ಬಿನ ತುಣುಕು. ಅದರ ಸುತ್ತಂಚಿಗೆ ಹಸಿರು ಬೆಳಕಿನ ಗೆರೆಯೊಂದು ಹರಿದಿತ್ತು. ಒಳಗೆ ಬರೀ ಕತ್ತಲೆ.

ದೀಪ ಸರಿಯಿಲ್ಲವೇನೋ ಎಂದುಕೊಂಡ. ದೀಪ ಸರಿಯಿತ್ತು. ಬಣ್ಣ ಹಳತಾಗಿರಬಹುದು. ಬಣ್ಣ ಹೊಸದು, ನಿನ್ನೆ ತಾನೇ ಅವನೇ ಸೀಸೆಯ ಮುಚ್ಚಳ ತೆಗೆದಿದ್ದ. ಇನ್ನೊಂದು ಗಾಜು ಇಟ್ಟ. ಮತ್ತೊಂದು ಇಟ್ಟ. ತಪ್ಪು ಯಂತ್ರದ್ದಾಗಲಿ ಎಂದು ಇಷ್ಟು ಶ್ರದ್ಧೆಯಿಂದ ಅವನು ಹಿಂದೆಂದೂ ಹಾರೈಸಿರಲಿಲ್ಲ.

ಮನುಷ್ಯರ ಹೊಟ್ಟೆಯಿಂದ ತೆಗೆದ ಕೊಬ್ಬನ್ನು ಇಲಿಯ ಬೆನ್ನಿನ ಚರ್ಮದಡಿ ಇಟ್ಟು, ಮೂರು ತಿಂಗಳ ಮೇಲೆ ಹೊರತೆಗೆದು, ಎಷ್ಟು ಜೀವಕೋಶ ಉಳಿದಿವೆ ಎಂದು ಎಣಿಸುವುದು ಅವನ ಕೆಲಸ. ಜಾಗ ಬದಲಿಸಿದ ಕೊಬ್ಬಿಗೆ ಮೊದಲ ಕೆಲವು ದಿನ ರಕ್ತವಿಲ್ಲ. ಅಕ್ಕಪಕ್ಕದಿಂದ ಜಿನುಗಿದ್ದನ್ನು ಹೀರಿಕೊಂಡು ಜೀವ ಹಿಡಿಯಬೇಕು. ಹೊಸ ರಕ್ತನಾಳಗಳು ಬಂದು ಮುಟ್ಟುವಷ್ಟರಲ್ಲಿ ನಡುವಿನದು ಸತ್ತಿರುತ್ತದೆ. ಆದ್ದರಿಂದ ಎಳೆ ಎಳೆಯಾಗಿ ಹರಡಬೇಕು, ಮುದ್ದೆಯಾಗಿ ತುಂಬಬಾರದು. ಇದು ಆ ಕಸುಬಿನವರೆಲ್ಲ ಬಲ್ಲ ಮಾತು. ಹಾಗೇನಿಲ್ಲ, ಚೆನ್ನಾಗಿ ತೊಳೆದು ಶೋಧಿಸಿದರೆ ಮುದ್ದೆಯೂ ಬದುಕುತ್ತದೆ, ಮುಕ್ಕಾಲು ಪಾಲು ಬದುಕುತ್ತದೆ ಎಂದು ತೋರಿಸಿದವನು ಅವನು.

ಆಗ ಅವನು ನೋಡಿದ್ದು ಮಾಮೂಲಿ ಬಣ್ಣ ಹಾಕಿದ ತುಣುಕುಗಳನ್ನು. ಅವನ್ನು ತಯಾರಿಸುವಾಗ ಎಣ್ಣೆಯೆಲ್ಲ ಕರಗಿಹೋಗಿ ಕೋಶದ ಹೊರಗೆರೆ ಮಾತ್ರ ಉಳಿಯುತ್ತದೆ. ಬದುಕಿದ್ದೂ ಖಾಲಿ ಉಂಗುರ, ಸತ್ತದ್ದೂ ಖಾಲಿ ಉಂಗುರ. ಸತ್ತ ಕೊಬ್ಬು ತಿಂಗಳುಗಟ್ಟಲೆ ತನ್ನ ಆಕಾರ ಬಿಟ್ಟುಕೊಡುವುದಿಲ್ಲ. ಇದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪಾಠ ಮಾಡುವಾಗ ಹುಡುಗರಿಗೆ ಎಚ್ಚರಿಕೆ ಕೂಡ ಹೇಳುತ್ತಿದ್ದ. ಬದುಕಿದ್ದಕ್ಕೆ ಮಾತ್ರ ಹತ್ತುವ ಈ ಹಸಿರು ಬಣ್ಣವನ್ನು ಆಗಲೇ ಹಾಕಿಸಬಹುದಿತ್ತು. ಹಾಕಿಸದೆ, ದುಂಡಗೆ ಕಂಡದ್ದನ್ನೆಲ್ಲ ಜೀವಂತ ಎಂದು ಎಣಿಸಿಕೊಂಡು ಹೋದ.

ಆ ಎಣಿಕೆಯನ್ನು ನಂಬಿ ಸರ್ಜನ್ ಮೇಡಂ ಅವನ ತಂಗಿಯ ಗುಂಡಿಬಿದ್ದ ಕೆನ್ನೆಗೆ ಅವಳದೇ ಹೊಟ್ಟೆಯ ಕೊಬ್ಬನ್ನು ಮುದ್ದೆಯಾಗಿ ತುಂಬಿದ್ದರು. ತುಂಬಿದ್ದು ಈಗ ಇಳಿಯುತ್ತಿತ್ತು. ಇವತ್ತು ಮಧ್ಯಾಹ್ನ ಅದನ್ನು ನೋಡಿ ಎರಡನೆಯ ಸಲ ತುಂಬುವ ಮಾತು ಮುಗಿಸುವವರಿದ್ದರು. ಅವನೂ ಬರಬೇಕೆಂದು ಹೇಳಿಕಳಿಸಿದ್ದರು.

ಕ್ಯಾಂಟೀನಿನಲ್ಲಿ ಪಕ್ಕದ ಲ್ಯಾಬಿನವನು ಸಿಕ್ಕ. ಎಲ್ಲ ಸುದ್ದಿಯೂ ಮೊದಲು ಅವನಿಗೇ ತಲುಪುವುದರಿಂದ ಅವನಿಗೆ ಆಕಾಶವಾಣಿ ಎಂದು ಹೆಸರಿಟ್ಟಿದ್ದರು. ದೊಡ್ಡ ವಿಜ್ಞಾನ ಸಭೆಯಲ್ಲಿ ಈ ಎಣಿಕೆಯ ಬಗ್ಗೆ ಮಾತಾಡಲು ಇವನ ಹೆಸರನ್ನೇ ಕಳಿಸಿದ್ದಾರೆ, ನಿರ್ದೇಶಕರು ಬೇರೆ ಯಾರ ಹೆಸರನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಹೇಳಿ ಬೆನ್ನು ತಟ್ಟಿದ.

‘ಹೌದಾ’ ಎಂದ ಅವನು.

‘ಹೌದಾ ಅಂತೆ. ಮುಖ ನೋಡು, ಸಾಲ ಕೊಟ್ಟವನು ಸಿಕ್ಕಿದ ಹಾಗಿದೆ. ಕೊಬ್ಬು ಜಾಸ್ತಿ ಆಯ್ತಪ್ಪ ನಿನಗೆ.’

ತನ್ನ ಮಾತಿಗೆ ತಾನೇ ನಕ್ಕು ಆಕಾಶವಾಣಿ ಹೊರಟುಹೋದ. ಟೀ ಮೇಲೆ ಕೆನೆ ಕಟ್ಟಿತು. ಹೇಳಬೇಕಾದ ವಾಕ್ಯವನ್ನು ಅವನು ಮನಸ್ಸಿನಲ್ಲೇ ಜೋಡಿಸಿದ: ನಾನು ತಪ್ಪು ಎಣಿಸಿದೆ. ಸರಳವಾಗಿತ್ತು. ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಅದು ‘ಎಣಿಕೆಯಲ್ಲಿ ತಪ್ಪಾಗಿದೆ’ ಎಂದಾಗಿತ್ತು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ‘ಫಲಿತಾಂಶವನ್ನು ಇನ್ನೊಮ್ಮೆ ಪರಿಶೀಲಿಸುವುದು ಒಳಿತು’ ಎಂಬಲ್ಲಿಗೆ ಬಂದು ನಿಂತಿತ್ತು.

ತಂಗಿ ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದಳು. ಸಣ್ಣವಳಿದ್ದಾಗ ಎಡಗೆನ್ನೆಯ ಗಡ್ಡೆ ತೆಗೆಸಿದ ಮೇಲೆ ಅಲ್ಲೊಂದು ಗುಂಡಿ ಉಳಿದಿತ್ತು. ಆ ಕಾರಣಕ್ಕೇ ಅವಳು ವಿದ್ಯುತ್ ಕಚೇರಿಯಲ್ಲಿ ಫೋನಿಗೆ ಉತ್ತರ ಕೊಡುವ ಕೆಲಸ ಹಿಡಿದಿದ್ದಳು. ಅಲ್ಲಿ ಧ್ವನಿಯಿದ್ದರೆ ಸಾಕು. ಕೆನ್ನೆ ತುಂಬಿದ ಮೇಲೆ ತಾನಾಗಿ ಕೇಳಿಕೊಂಡು ಜನರೆದುರಿನ ಕೌಂಟರಿಗೆ ಹೋಗಿದ್ದಳು. ಈಗ ದಿನವಿಡೀ ಜನ ಅವಳ ಮುಖ ನೋಡುತ್ತಾರೆ. ಕರೆಂಟ್ ಹೋದರೆ ಬೈಯುವುದಕ್ಕೂ ಜನರಿಗೊಂದು ಮುಖ ಬೇಕು, ನನ್ನದು ಸಿಕ್ಕಿದೆ ಎಂದು ಹೋದ ವಾರವೂ ಫೋನಿನಲ್ಲಿ ನಕ್ಕಿದ್ದಳು.

ಅವನು ಹೋಗಿ ಅವಳ ಬಲಕ್ಕೆ ಕೂತ. ಯಾವಾಗಲೂ ಅವನು ಕೂರುತ್ತಿದ್ದದ್ದು ಬಲಕ್ಕೇ. ಸ್ಕೂಲಿಗೆ ಹೋಗುವಾಗ ಅದೂ ಇರಲಿಲ್ಲ. ಹತ್ತಾರು ಹೆಜ್ಜೆ ಮುಂದೆ ನಡೆದುಬಿಡುತ್ತಿದ್ದ. ಯಾರೋ ಅದು, ನಿನ್ನ ಹಿಂದೆ ಬರ್ತಾಳಲ್ಲ ಎಂದು ಜೊತೆಯವನೊಬ್ಬ ಕೇಳಿದ್ದಕ್ಕೆ, ನಮ್ಮ ಬೀದಿಯವಳು ಎಂದಿದ್ದ. ಅವಳಿಗೆ ಕೇಳಿಸಿತ್ತೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಕೇಳುವ ಧೈರ್ಯ ಆಗಿರಲಿಲ್ಲ. ಕೊಬ್ಬಿನ ಮೇಲೆ ಕೆಲಸ ಮಾಡಲು ಹೊರಟಾಗ, ಅಣ್ಣ ತಂಗಿಗೋಸ್ಕರ ಓದ್ತಿದಾನೆ ಎಂದು ಅಮ್ಮ ಕಂಡಕಂಡವರಿಗೆಲ್ಲ ಹೇಳಿದ್ದಳು. ಅವನು ಅಲ್ಲಗಳೆದಿರಲಿಲ್ಲ. ಆ ಗುಂಡಿ ಮುಚ್ಚಿಹೋಗಲಿ ಎಂದು ಅವಳಿಗಿಂತ ಹೆಚ್ಚು ಬಯಸಿದ್ದು ಅವನೇ ಎಂಬುದು ಸುಳ್ಳೇನಲ್ಲವಲ್ಲ.

ಸರ್ಜನ್ ಮೇಡಂ ಅವನನ್ನು ಎದ್ದು ನಿಂತು ಬರಮಾಡಿಕೊಂಡರು. ಅದೊಂದು ಬಾಕಿಯಿತ್ತು. ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿ, ದೀಪ ಎಳೆದು, ಕೆನ್ನೆಯನ್ನು ಪಕ್ಕದಿಂದಲೂ ಕೆಳಗಿನಿಂದಲೂ ನೋಡಿದರು. ಸ್ವಲ್ಪ ಇಳಿದಿದೆ, ಇಳಿಯುವುದು ಸಹಜ, ಗಟ್ಟಿಯಾಗಿರುವುದು ಬರಬರುತ್ತಾ ಮೆತ್ತಗಾಗುತ್ತದೆ ಎಂದರು. ಇನ್ನೊಮ್ಮೆ ಅಷ್ಟನ್ನೇ, ಒಂದೇ ಸಲಕ್ಕೆ ತುಂಬಿಬಿಟ್ಟರೆ ಮುಗಿಯಿತು. ಹೊಟ್ಟೆಯಲ್ಲಿ ದಾಸ್ತಾನು ಸಾಕಷ್ಟಿದೆ ಎಂದು ತಂಗಿ ಹೇಳಿದಳು. ಇಬ್ಬರೂ ನಕ್ಕರು.

ಆಮೇಲೆ ಮೇಡಂ ಅವನ ಕಡೆ ತಿರುಗಿದರು.

‘ನನಗೆ ಎಳೆ ಎಳೆಯಾಗಿ ಹಾಕೋದೇ ಅಭ್ಯಾಸ. ನಾಲ್ಕು ಸಲ ಆದ್ರೂ ಪರವಾಗಿಲ್ಲ, ನಿಧಾನಕ್ಕೆ ಆಗ್ಲಿ ಅನ್ನೋಳು ನಾನು. ನಿಮ್ಮ ಲೆಕ್ಕ ನೋಡಿದ ಮೇಲೇ ಹೀಗೆ ತುಂಬೋ ಧೈರ್ಯ ಬಂದದ್ದು. ಈಗ್ಲೂ ನೀವು ಬೇಡ ಅಂದ್ರೆ ಬೇಡ.’

ಕೋಣೆಯಲ್ಲಿ ಯಾವುದೋ ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ಇಷ್ಟು ಅಗಲವಾಗಿ ತೆರೆದ ಬಾಗಿಲು ಮತ್ತೆ ಸಿಗುವುದಿಲ್ಲ ಎಂದು ಅವನಿಗೆ ತಿಳಿಯಿತು. ತಂಗಿ ಅವನನ್ನೇ ನೋಡುತ್ತಿದ್ದಳು. ಆತಂಕದಿಂದಲ್ಲ, ಹೆಮ್ಮೆಯಿಂದ.

‘ಬೇಡ ಅಂತೇನಿಲ್ಲ’ ಎಂದ.

‘ಅನುಮಾನ ಇದ್ಯಾ?’

‘ಅನುಮಾನ ಅಂತಲ್ಲ. ಎಲ್ಲರ ಮೈಯೂ ಒಂದೇ ಥರ ಇರೋಲ್ಲ.’

‘ಅದು ಸರಿಯೇ’ ಎಂದರು ಮೇಡಂ. ತಮಗೆ ಮೊದಲೇ ಗೊತ್ತಿದ್ದದ್ದನ್ನು ತಿಳಿದವರು ಹೇಳಿದಾಗ ಆಗುವ ಸಮಾಧಾನ ಅವರ ಮುಖದಲ್ಲಿತ್ತು. ಮುಂದಿನ ವಾರಕ್ಕೆ ದಿನ ಗೊತ್ತಾಯಿತು.

ಹೊರಗೆ ಉದ್ದನೆಯ ಓಣಿ. ಗಾಲಿಕುರ್ಚಿಗಳು, ಗೋಡೆಗೆ ಒರಗಿ ನಿಂತ ಜನ, ಫಿನಾಯಿಲಿನ ವಾಸನೆ. ಮನೆಗೆ ಹೋಗಿ ಮೇಡಂಗೆ ಫೋನ್ ಮಾಡಿ ಹೇಳಬಹುದು ಎಂದು ಅವನು ಲೆಕ್ಕ ಹಾಕುತ್ತಿದ್ದ. ವಾರವಿದೆ. ಅಥವಾ ಒಂದು ಸಾಲು ಬರೆದು ಕಳಿಸಬಹುದು. ಬರೆದರೆ ಮುಖ ನೋಡುವ ಪ್ರಸಂಗವಿರುವುದಿಲ್ಲ.

ಕಿಟಕಿಯ ಹತ್ತಿರ ತಂಗಿ ನಿಂತಳು. ಒಳಗೆ ಹೇಳಲಿಲ್ಲ, ಮೇಡಂ ಏನಂದುಕೊಳ್ಳುತ್ತಾರೋ ಅಂತ ಸುಮ್ಮನಿದ್ದೆ ಎಂದಳು. ರಾತ್ರಿ ಮಲಗುವಾಗ ಬೆರಳಿಗೆ ಸಿಗುತ್ತದಂತೆ, ಒಳಗೇನೋ ಕಲ್ಲಿನ ಹಾಗೆ. ಕೌಂಟರಿನಲ್ಲಿ ಕೂತಾಗಲೂ ಕೈ ಅಲ್ಲಿಗೇ ಹೋಗುತ್ತದಂತೆ.

‘ನೀನೇ ಒಂದ್ಸಲ ಮುಟ್ಟಿ ನೋಡಣ್ಣ. ಅವರು ಸರಿ ಹೋಗುತ್ತೆ ಅಂತಾರೆ. ಅವರು ಅನ್ನೋದು ಬೇರೆ, ನೀನು ಅನ್ನೋದು ಬೇರೆ.’

ಹಾಗೆಂದು ಮುಖವನ್ನು ಬೆಳಕಿನ ಕಡೆಗೆ ಎತ್ತಿ ಕಣ್ಣು ಮುಚ್ಚಿಕೊಂಡಳು.

ಇಷ್ಟು ವರ್ಷಗಳಲ್ಲಿ ಆ ಕೆನ್ನೆಯನ್ನು ಅವನು ಒಮ್ಮೆಯೂ ಮುಟ್ಟಿರಲಿಲ್ಲ. ಕೈ ಎತ್ತಿದ. ತೋರುಬೆರಳನ್ನು ಇಟ್ಟು ಮೆಲ್ಲಗೆ ಒತ್ತಿದ. ಚರ್ಮದಡಿ ಮೊಟ್ಟೆಯ ಚಿಪ್ಪಿನಂಥ ಬಿಗಿ. ಅದರೊಳಗೆ ದ್ರವವೊಂದು ಸಣ್ಣಗೆ ಜಾರಿತು. ಅದೇನೆಂದು ಅವನಿಗೆ ಗೊತ್ತಿತ್ತು. ಸತ್ತ ಕೊಬ್ಬು ಒಡೆದು ಎಣ್ಣೆಯಾಗಿ, ಅದನ್ನು ಹೊರಗೆ ಹಾಕಲಾಗದ ಮೈ ಸುತ್ತಲೂ ಗೋಡೆ ಕಟ್ಟಿಕೊಂಡಿತ್ತು. ಹೇಳಬೇಕಾದ ವಾಕ್ಯ ಗಂಟಲವರೆಗೆ ಬಂತು, ‘ನಾನು’ ಎಂಬಲ್ಲಿಂದಲೇ ಶುರುವಾಗಿ ಬಂತು.

‘ಹೂಂ, ಮುಟ್ಟು’ ಎಂದಳು ತಂಗಿ, ಕಣ್ಣು ಮುಚ್ಚಿಕೊಂಡೇ.

ಅವನು ಬೆರಳನ್ನು ಇನ್ನಷ್ಟು ಒತ್ತಿದ. ಉಗುರಿನ ತುದಿ ಬಿಳಿಚಿತು. ಒತ್ತಿದ್ದು ಅವಳಿಗೆ ತಿಳಿದಂತೆ ಕಾಣಲಿಲ್ಲ.

‘ಏನಾಯ್ತು?’ ಅವಳ ತುಟಿಯ ಬಲಭಾಗ ಮಾತ್ರ ನಗುತ್ತಿತ್ತು. ‘ಇನ್ನೂ ನಾಚಿಕೆನಾ? ನಮ್ಮ ಬೀದಿಯವಳು ಅಂತಲೇ ತಿಳ್ಕೊ. ಮುಟ್ಟು.’

ಜನ ಅವರನ್ನು ಬಳಸಿಕೊಂಡು ಹೋಗುತ್ತಿದ್ದರು. ಮುಖವೆತ್ತಿ ಅವಳು ಕಾಯುತ್ತಲೇ ಇದ್ದಳು, ಅವನ ಬೆರಳು ಅವಳ ಕೆನ್ನೆಯ ಮೇಲಿತ್ತು.