ದಾಟುವವರ ಎಣಿಕೆ

ಆನ್ಸೆಲ್ಮ್ ಪಿರೇರಾನ ಕೆಲಸವೇನೆಂದು ಊರಿನ ನೆಂಟರು ಕೇಳಿದಾಗ ಅವನ ಹೆಂಡತಿ ತೆರೆಸಾ "ರೋಡ್ ಇಂಜಿನಿಯರಿಂಗ್" ಎಂದು ಹೇಳಿ ಮಾತು ಮುಗಿಸುತ್ತಿದ್ದಳು. ನಿಜ ಹೇಳಬೇಕೆಂದರೆ ಅವನದು ಎಣಿಸುವ ಕೆಲಸ. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಒಂದು ಕನ್ಸಲ್ಟೆನ್ಸಿಯಲ್ಲಿ ಅವನು ಟ್ರಾಫಿಕ್ ಸರ್ವೇ ಸೂಪರ್‌ವೈಸರ್. ಯಾವುದಾದರೂ ರಸ್ತೆ ಬದಲಾಗಬೇಕೆಂದಾಗ ಮೊದಲು ಇವನು ತನ್ನ ತಂಡದೊಂದಿಗೆ ಅಲ್ಲಿಗೆ ಹೋಗಿ, ದಿನವಿಡೀ ನಿಂತು, ಎಷ್ಟು ಲಾರಿ ಹೋದವು, ಎಷ್ಟು ಕಾರು ಹೋದವು, ಎಷ್ಟು ಜನ ದಾಟಿದರು ಎಂದು ಲೆಕ್ಕ ಹಿಡಿದು ತರಬೇಕು. ಆಮೇಲೆ ದೊಡ್ಡವರು ಏಸಿಯಲ್ಲಿ ಕುಳಿತು ನಿರ್ಧಾರ ಮಾಡುತ್ತಾರೆ. ಅವನು ತಂದ ಸಂಖ್ಯೆಯನ್ನು ಯಾರೂ ಪ್ರಶ್ನಿಸಿದ್ದಿಲ್ಲ. ಸುಳ್ಳು ಬರೆಯುವ ಮನುಷ್ಯ ಅವನಲ್ಲ ಎಂಬುದು ಆಫೀಸಿಗೆಲ್ಲ ಗೊತ್ತಿತ್ತು.

೨೦೧೬ರಲ್ಲಿ ಹೊಸದೊಂದು ಫೆಡರಲ್ ಕಾನೂನಿನ ಕೆಲಸ ಆಫೀಸಿಗೆ ಬಂತು. ದೇಶದ ಕೆಲವು ಹೆದ್ದಾರಿಗಳನ್ನು ಆ ಕಾನೂನು ಆದ್ಯತೆಯ ಕಾರಿಡಾರುಗಳೆಂದು ಹೆಸರಿಸಿತ್ತು. ಬಂದರಿನಲ್ಲಿ ಇಳಿದ ಸರಕು ಗಡಿಯವರೆಗೆ ಎಲ್ಲೂ ನಿಲ್ಲದೆ ಓಡಬೇಕು. ಆದ್ದರಿಂದ ಈ ರಸ್ತೆಗಳಲ್ಲಿ ಸಿಗ್ನಲ್ ಇರಕೂಡದು, ಯೂ ಟರ್ನ್ ಇರಕೂಡದು, ನಡೆದು ದಾಟುವವರಂತೂ ಇರಲೇಕೂಡದು. ದಾಟುವ ಜನ ತುಂಬ ಇದ್ದಾರೆಂದು ಎಣಿಕೆಯಿಂದ ಸಾಬೀತಾದ ಕಡೆ ಮಾತ್ರ ಮೇಲ್ಸೇತುವೆ, ಉಳಿದ ಕಡೆಯೆಲ್ಲ ಬೇಲಿ. ಕಾನೂನು ಬರೆದವರು ಕೆಟ್ಟವರೇನಲ್ಲ. ಅವರೆಲ್ಲ ಕಾರಿನಲ್ಲಿ ಓಡಾಡುವವರು, ಅಷ್ಟೇ.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಅಂಚಿನಲ್ಲಿ ಹಾದುಹೋಗುವ ಒಂದು ಟ್ರಕ್ ರಸ್ತೆಯೂ ಆ ಕಾರಿಡಾರುಗಳಲ್ಲಿ ಸೇರಿತ್ತು. ರಸ್ತೆಯ ಈಚೆಗೆ ಕಾರ್ಮಿಕರ ಕ್ಯಾಂಪ್, ಆಚೆಗೆ ಫ್ಯಾಕ್ಟರಿಗಳು, ನಡುವೆ ಹಳೆಯದೊಂದು ಸಿಗ್ನಲ್. ಬೆಳಿಗ್ಗೆ ಆ ಸಿಗ್ನಲ್ ಹಿಡಿದು ಜನ ಆಚೆಗೆ ಹೋಗುತ್ತಿದ್ದರು, ಸಂಜೆ ಈಚೆಗೆ ಬರುತ್ತಿದ್ದರು. ಅವರಲ್ಲಿ ಒಬ್ಬ ಅಲೆಕ್ಸಾಂಡರ್, ಆನ್ಸೆಲ್ಮನ ಮಾವ್ಶಿಯ, ಅಂದರೆ ತಾಯಿಯ ತಂಗಿಯ, ಒಬ್ಬನೇ ಮಗ. ಅಲ್ಯೂಮಿನಿಯಂ ಕಿಟಕಿ ಮಾಡುವ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಅವರಿವರ ಕಾಲು ಹಿಡಿದು ಅವನಿಗೆ ವೀಸಾ ಮಾಡಿಸಿಕೊಟ್ಟವನು ಆನ್ಸೆಲ್ಮನೇ. ಅಲೆಕ್ಸಾಂಡರ್ ಶುದ್ಧ ಪುಕ್ಕಲ. ಹಸಿರು ದೀಪ ಬಂದ ಮೇಲೂ ಎರಡೂ ಕಡೆ ನೋಡಿ, ಇನ್ನೊಬ್ಬರು ಕಾಲಿಟ್ಟ ಮೇಲೆಯೇ ತಾನು ಕಾಲಿಡುತ್ತಿದ್ದ. ಕ್ಯಾಂಪಿನವರು ಅದಕ್ಕೆ ಅವನನ್ನು ಗೋಳುಹೊಯ್ದುಕೊಳ್ಳುತ್ತಿದ್ದರು.

ಅಲ್ಲಿನ ಎಣಿಕೆ ಸೆಪ್ಟೆಂಬರಿನ ಒಂದು ಗುರುವಾರಕ್ಕೆ ನಿಗದಿಯಾಗಿತ್ತು. ಆ ಗುರುವಾರವೇ ಮೊಂತಿ ಫೆಸ್ತ್. ಮಂಗಳೂರು ಕಡೆಯ ಕ್ರೈಸ್ತರಿಗೆ ಅದು ತೆನೆ ಹಬ್ಬ. ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿದ ಹೊಸ ಭತ್ತದ ಅಕ್ಕಿಯನ್ನು ಊಟಕ್ಕೆ ಬೆರೆಸಿ ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣಬೇಕು. ಊರಿನಿಂದ ವಿಮಾನದಲ್ಲಿ ಯಾರದೋ ಕೈಯಲ್ಲಿ ತೆನೆ ಬಂದಿತ್ತು. ಅಲೆಕ್ಸಾಂಡರ್ ರಜೆ ಹಾಕಿ ಬರುವವನಿದ್ದ. ಆನ್ಸೆಲ್ಮ್ ತಲೆ ಕೆರೆದುಕೊಳ್ಳುತ್ತ ತನ್ನ ಮ್ಯಾನೇಜರ್ ಮೋಹನದಾಸರ ಮುಂದೆ ನಿಂತ. ಮೋಹನದಾಸ್ ಉಡುಪಿಯವರು.

"ತೆನೆ ಹಬ್ಬ ನಮಗೂ ಉಂಟಲ್ಲ ಮಾರಾಯ, ನನಗೆ ಗೊತ್ತಿಲ್ವಾ? ಹೋಗು, ಮಕ್ಕಳೊಟ್ಟಿಗೆ ಊಟ ಮಾಡು. ಎಣಿಕೆ ಶುಕ್ರವಾರ ಮಾಡುವ," ಎಂದರು ಅವರು.

ಶುಕ್ರವಾರ ಫ್ಯಾಕ್ಟರಿಗಳಿಗೆ ರಜೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೆ ರಜೆಯ ದಿನ ಎಣಿಸಿದ ಲಾರಿಗಳನ್ನು ಇಷ್ಟು ಪಟ್ಟು ಹೆಚ್ಚಿಸಿಕೊಳ್ಳಬೇಕೆಂಬ ಪದ್ಧತಿ ಆಫೀಸಿನಲ್ಲಿ ಮೊದಲಿನಿಂದ ಇತ್ತು, ಹಾಗಾಗಿ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ನಡೆಯುವವರಿಗೆ ಅಂಥ ಪದ್ಧತಿ ಯಾವುದೂ ಇಲ್ಲವೆಂಬುದು ಇಬ್ಬರ ನೆನಪಿಗೂ ಬರಲಿಲ್ಲ. ಎಲೆಕ್ಟ್ರಾ ಸ್ಟ್ರೀಟಿನ ಆನ್ಸೆಲ್ಮನ ಫ್ಲ್ಯಾಟಿನಲ್ಲಿ ಹಬ್ಬ ಚೆನ್ನಾಗಿ ಆಯಿತು. ಅಲೆಕ್ಸಾಂಡರ್ ಎರಡು ಸಲ ಬಡಿಸಿಕೊಂಡು ಉಂಡ, ಆನ್ಸೆಲ್ಮನ ಮಗಳು ಶಾರನ್‌ಗೆ ಕಾಗದದ ದೋಣಿ ಮಾಡಿಕೊಟ್ಟ. ಮರುದಿನ ಆನ್ಸೆಲ್ಮ್ ಹೋಗಿ ಎಣಿಸಿದ. ಬಿಸಿಲಿನಲ್ಲಿ ದಾಟಿದವರು ಯಾರೋ ಬೆರಳೆಣಿಕೆಯ ಜನ. ಅವನು ಕಂಡದ್ದನ್ನೇ ಬರೆದುಕೊಟ್ಟ.

ರಸ್ತೆ ಇಲಾಖೆಯ ಕಡತದಲ್ಲಿ ಆ ರಸ್ತೆಯನ್ನು ದಾಟುವವರೇ ಇಲ್ಲವೆಂದು ಆಯಿತು. ಮರುವರ್ಷ ಸಿಗ್ನಲ್ ಕಿತ್ತು ಹಾಕಿ, ರಸ್ತೆಯ ಎರಡೂ ಅಂಚಿಗೆ ಮತ್ತು ನಡುವಿನ ಡಿವೈಡರಿಗೆ ಕಬ್ಬಿಣದ ಬೇಲಿ ಎಳೆದರು.

ಕ್ಯಾಂಪಿನವರಿಗೆ ಕಂಪೆನಿ ಬಸ್ಸು ಕೊಟ್ಟಿತು. ಬಸ್ಸು ದೂರದ ಇಂಟರ್‌ಚೇಂಜ್ ಸುತ್ತಿಕೊಂಡು ಹೋಗಬೇಕು. ಎದುರಿಗೇ ಕಾಣುವ ಫ್ಯಾಕ್ಟರಿಗೆ ಹೋಗಲು ನಸುಕಿನಲ್ಲೇ ಎದ್ದು ಸಾಲು ನಿಲ್ಲಬೇಕು, ಸಂಜೆ ಕೆಲಸ ಮುಗಿದ ಮೇಲೂ ಬಸ್ಸಿಗಾಗಿ ಕಾಯಬೇಕು. ಹಾಗಾಗಿ ತುಂಬ ಜನ ಬೇಲಿ ಹತ್ತಿದರು. ಅಲೆಕ್ಸಾಂಡರ್ ಮಾತ್ರ ಒಂದು ದಿನವೂ ಹತ್ತಲಿಲ್ಲ. ಬಸ್ಸಿನಲ್ಲೇ ಹೋಗುತ್ತೇನೆ ಎಂದು ಅವನು ತಾಯಿಗೆ ಮಾತು ಕೊಟ್ಟಿದ್ದ.

ಆ ಚಳಿಗಾಲದ ಒಂದು ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಹೊರಗೆ ಚಹಾ ಕುಡಿಯುತ್ತಿದ್ದಾಗ ಅಲೆಕ್ಸಾಂಡರ್ ಮೆಲ್ಲಗೆ ಹೇಳಿದ: "ನಮ್ಮ ರೂಮಿನ ಚಾಮರಾಜನ ಕಾಲು ಹೋಯ್ತು, ಆನ್ಸೆಲ್ಮ್ ಬಾಬ್. ಬೇಲಿಯಿಂದ ಇಳಿಯುವಾಗ ಪಿಕಪ್ ಬಡೀತು. ಮಂಡ್ಯದವ, ಪಾಪ. ಮಂಡಿಯಿಂದ ಕೆಳಗೆ ತೆಗೆದ್ರಂತೆ."

"ಸೇತುವೆ ಯಾಕೆ ಮಾಡ್ಲಿಲ್ಲ ಅಂತ ಕೇಳ್ಲಿಲ್ವಾ ನೀವು?"

"ಕೇಳಿದ್ವಿ. ಇಲ್ಲಿ ಯಾರೂ ದಾಟುವುದಿಲ್ಲ ಅಂತ ಸರ್ವೇ ಉಂಟಂತೆ. ಯಾವ ಕುರುಡ ಮಾಡಿದ್ದೋ ಅಂತ ಎಲ್ಲರೂ ಬೈತಾರೆ."

ಆನ್ಸೆಲ್ಮ್ ಉಳಿದ ಚಹಾ ಚೆಲ್ಲಿ ಕಪ್ಪನ್ನು ಬುಟ್ಟಿಗೆ ಹಾಕಿದ. ಆ ಕುರುಡ ಎದುರಿಗೇ ನಿಂತಿದ್ದಾನೆಂದು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಆ ವಾರವಿಡೀ ಅವನಿಗೆ ಊಟ ಸೇರಲಿಲ್ಲ, ಹೆಂಡತಿ ಮಾತಾಡಿಸಿದರೆ ರೇಗಿದ. ಸೇತುವೆ ಬಾರದಿದ್ದರೆ ಮುಂದಿನ ಸಲ ಕಾಲಲ್ಲ, ತಲೆಯೇ ಹೋಗುತ್ತದೆ. ಹೋದರೆ ಅದು ತನ್ನ ಲೆಕ್ಕಕ್ಕೆ. ಕೊನೆಗೆ ಮೋಹನದಾಸರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

"ಆ ಎಣಿಕೆ ತಪ್ಪು ಸರ್. ಶುಕ್ರವಾರ ಮಾಡಿದ್ದು ನಾವು."

ಮೋಹನದಾಸ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು. "ತಪ್ಪು ಅಂತ ಬಾಯಿಬಿಟ್ಟು ಹೇಳಿದ್ರೆ ನಿನ್ನದೂ ಖಲಾಸ್, ನನ್ನದೂ ಖಲಾಸ್. ಸುಮಿತ್ ಕಾಲೇಜಿನಲ್ಲಿದ್ದಾನೆ ಮಾರಾಯ, ನನ್ನ ಮಗ. ಒಂದು ಕೆಲಸ ಮಾಡುವ. ಅಲ್ಲಿ ಪರಿಸ್ಥಿತಿ ಬದಲಾಗಿದೆ, ಮತ್ತೊಮ್ಮೆ ಎಣಿಸ್ಬೇಕು ಅಂತ ಬರೀತೇನೆ. ಆದ್ರೆ ಒಂದೇ ದಿನ ಪರ್ಮಿಷನ್ ಕೊಡ್ತಾರೆ. ಆ ದಿನ ಜನ ಕಾಣ್ಬೇಕು, ಆಯ್ತಾ? ಅರ್ಧ ಜನ ಬಸ್ಸಲ್ಲಿ ಹೋದ್ರೆ ಸೇತುವೆ ಬರುವುದಿಲ್ಲ."

ಪರ್ಮಿಷನ್ ಬಂತು, ಜನವರಿಯ ಒಂದು ಮಂಗಳವಾರಕ್ಕೆ. ಹಿಂದಿನ ಸಂಜೆ ಆನ್ಸೆಲ್ಮ್ ಅಲೆಕ್ಸಾಂಡರ್‌ಗೆ ಫೋನ್ ಮಾಡಿದ. ತೆರೆಸಾ ಪಕ್ಕದಲ್ಲೇ ಕುಳಿತು ಬಸಳೆ ಬಿಡಿಸುತ್ತಿದ್ದಳು. ಊರಿನಲ್ಲಿ ಸಭೆಗೆ ಜನ ಸೇರಿಸುವಾಗ ಮೊದಲು ನೆಂಟರನ್ನು ಕರೆಯುತ್ತಾರಲ್ಲ, ಆನ್ಸೆಲ್ಮ್ ಮಾಡಿದ್ದೂ ಅದನ್ನೇ. ಅದರಲ್ಲಿ ತಪ್ಪೇನಾದರೂ ಇದೆಯೆಂದು ಅವನಿಗೆ ತೋರಲಿಲ್ಲ. ಒಳ್ಳೆಯ ಕೆಲಸಕ್ಕೆ ತನ್ನವರು ಮುಂದೆ ನಿಲ್ಲದಿದ್ದರೆ ಇನ್ಯಾರು ನಿಲ್ಲುತ್ತಾರೆ ಎಂಬುದಷ್ಟೇ ಅವನ ತಲೆಯಲ್ಲಿದ್ದದ್ದು.

"ನಾಳೆ ಒಂದು ದಿನ ನೀನು ಬಸ್ಸು ಹತ್ಬೇಡ. ನಿಮ್ಮ ರೂಮಿನವರು, ಪಕ್ಕದ ರೂಮಿನವರು, ಎಲ್ಲರನ್ನೂ ಕರ್ಕೊಂಡು ಬಾ. ನನ್ನ ಎದುರಿಗೇ ದಾಟಿ. ಲೆಕ್ಕ ಸಿಕ್ಕಿದ್ರೆ ಸೇತುವೆ ಬರ್ತದೆ."

"ಬೇಲಿ ಹತ್ಬೇಕಾ ಬಾಬ್?"

"ಎಲ್ಲರೂ ಹತ್ತುವುದೇ ಅಲ್ವಾ? ಒಂದೇ ದಿನ."

"ಆಯ್ತು. ನೀವು ಹೇಳಿದ ಮೇಲೆ ಬೇರೆ ಎಂತ," ಎಂದ ಅಲೆಕ್ಸಾಂಡರ್.

ತೆರೆಸಾ ಬಸಳೆಯಿಂದ ಕಣ್ಣೆತ್ತದೆ, "ಅವನನ್ನು ಯಾಕೆ ಕರೆದ್ರಿ? ಅವನಿಗೆ ಹೆದರಿಕೆ," ಎಂದಳು. ಹೆದರಿಕೆ ಬಿಡಿಸಲಿಕ್ಕೂ ಒಂದು ಸಲ ಹತ್ತಬೇಕು ಎಂದು ಆನ್ಸೆಲ್ಮ್ ನಕ್ಕ. ಮೈ ಹಗುರಾಗಿ ಅವನು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ.

ಬೆಳಿಗ್ಗೆ ನೋಡಿದರೆ ರಸ್ತೆಯ ತುಂಬ ಮಂಜು. ಜನವರಿಯಲ್ಲಿ ಆ ಕಡೆ ಹೀಗಾಗುವುದುಂಟು. ಸೂರ್ಯ ಮೇಲೆ ಬರುವವರೆಗೆ ರಸ್ತೆಯ ಆಚೆ ಬದಿಯ ಕಂಬವೂ ಕಾಣಿಸುವುದಿಲ್ಲ. ಆನ್ಸೆಲ್ಮ್ ಫ್ಯಾಕ್ಟರಿಯ ಬದಿಯಲ್ಲಿ, ಬೇಲಿಯ ಹೊರಗೆ, ಕೈಯಲ್ಲಿ ಒತ್ತುವ ಕೌಂಟರ್ ಹಿಡಿದು ನಿಂತಿದ್ದ. ಅವನ ತಂಡದ ಕುಂಞಾಲಿ, ಕಾಸರಗೋಡಿನವನು, ಎರಡು ಸಲ ಹೇಳಿದ: "ಇವತ್ತು ಬೇಡ ಸರ್. ಲಾರಿಯ ಲೈಟೇ ಕಾಣುವುದಿಲ್ಲ."

ಬೇಡವೆಂದರೆ ಇನ್ನೊಂದು ದಿನ ಸಿಗುವುದಿಲ್ಲ. ಅಷ್ಟರಲ್ಲಿ ಅಲೆಕ್ಸಾಂಡರನ ಫೋನ್ ಬಂತು. ಎಲ್ಲರೂ ಬಂದಿದ್ದಾರೆ, ಬಸ್ಸು ಬಿಟ್ಟಾಯಿತು, ಆದರೆ ಮಂಜು ತುಂಬ ಇದೆಯಲ್ಲ ಎಂದ.

"ಈಗ ಕರಗ್ತದೆ. ಮೆಲ್ಲ ಬನ್ನಿ," ಎಂದ ಆನ್ಸೆಲ್ಮ್.

ಅವರು ಬಂದರು. ಮೊದಲು ಡಿವೈಡರಿನ ಮೇಲೆ ತಲೆಗಳು ಕಂಡವು, ಆಮೇಲೆ ಒಬ್ಬೊಬ್ಬರೇ ಇಳಿದು, ಬುತ್ತಿಯ ಚೀಲ ಎದೆಗೆ ಅವಚಿಕೊಂಡು, ಬಗ್ಗಿ ಓಡಿಬಂದು ಇವನ ಕಡೆಯ ಬೇಲಿ ಹಿಡಿದರು. ಕೆಲವರು ಕೌಂಟರ್ ನೋಡಿ ನಗುತ್ತ ಕೈಯೆತ್ತಿ ತೋರಿಸಿದರು. ಆನ್ಸೆಲ್ಮ್ ಒತ್ತಿದ, ಒತ್ತುತ್ತಲೇ ಹೋದ. ಇಷ್ಟು ಜನ ಬರುತ್ತಾರೆಂದು ಅವನು ಎಣಿಸಿರಲಿಲ್ಲ. ಸೇತುವೆ ಬಂದೇಬಂತು ಎಂದು ಅವನ ಮನಸ್ಸು ಕುಣಿಯಿತು. ಕೊನೆಗೆ ಡಿವೈಡರಿನ ಮೇಲೆ ಉಳಿದವನು ಅಲೆಕ್ಸಾಂಡರ್. ಉಳಿದವರನ್ನೆಲ್ಲ ಕೈಹಿಡಿದು ಹತ್ತಿಸಿ ಇಳಿಸಿ, ತಾನು ಮಾತ್ರ ಬೇಲಿಯ ಮೇಲೆ ಒಂದು ಕಾಲು ಆಚೆ ಒಂದು ಕಾಲು ಈಚೆ ಹಾಕಿ ಕುಳಿತಿದ್ದ. ಎರಡೂ ಕಡೆ ನೋಡಿದ. ನೋಡಲು ಏನೂ ಇರಲಿಲ್ಲ, ಎಲ್ಲ ಬೆಳ್ಳಗಿತ್ತು.

"ಬಾ, ಬಾ, ಖಾಲಿ ಉಂಟು," ಎಂದು ಆನ್ಸೆಲ್ಮ್ ಕೈಬೀಸಿದ.

ಅಲೆಕ್ಸಾಂಡರ್ ಇಳಿದ. ಇಳಿದವನು ಓಡಲಿಲ್ಲ, ಅಭ್ಯಾಸವಿಲ್ಲದವರ ಹಾಗೆ ನಿಂತು ನಿಂತು ನಡೆದ. ದೀಪವಿಲ್ಲದೆ ಬಂದ ನೀರಿನ ಟ್ಯಾಂಕರನ್ನು ಅವನೂ ನೋಡಲಿಲ್ಲ, ಆನ್ಸೆಲ್ಮನೂ ನೋಡಲಿಲ್ಲ. ಬ್ರೇಕಿನ ಸದ್ದು ಬಂದದ್ದು ಎಲ್ಲ ಆದ ಮೇಲೆ. ಕುಂಞಾಲಿ ಬೇಲಿ ಹಾರಿ ಓಡಿದ. ಆನ್ಸೆಲ್ಮ್ ಕೌಂಟರ್ ಹಿಡಿದುಕೊಂಡೇ ಬೇಲಿ ಹತ್ತಿದ. ಅವನು ಅಲ್ಲಿಗೆ ತಲುಪುವ ಹೊತ್ತಿಗೆ ಅಲೆಕ್ಸಾಂಡರ್‌ನಲ್ಲಿ ಉಸಿರಿರಲಿಲ್ಲ.

ಮುಂದಿನದೆಲ್ಲ ಬಹಳ ಶಿಸ್ತಾಗಿ ನಡೆಯಿತು. ಪೊಲೀಸರು ಬಂದರು, ಅಳೆದರು, ಫೋಟೋ ತೆಗೆದರು. ಫ್ಯಾಕ್ಟರಿಯ ಸೂಪರ್‌ವೈಸರ್ ತಲೆಯ ಮೇಲೆ ಕೈಹೊತ್ತು, "ಇವನು ಬಸ್ಸಿನವನು, ಯಾವತ್ತೂ ದಾಟುವವನಲ್ಲ, ಇವತ್ತು ಯಾಕೆ ದಾಟಿದನೋ," ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಯಾಕೆ ಎಂದು ಗೊತ್ತಿದ್ದ ಕ್ಯಾಂಪಿನವರು ಆನ್ಸೆಲ್ಮನ ಮುಖ ನೋಡಿದರು, ಆದರೆ ಬೇಲಿ ಹತ್ತಿದವರೆಂದು ದಂಡ ಬೀಳುವ ಭಯಕ್ಕೆ ಯಾರೂ ತುಟಿ ಬಿಚ್ಚಲಿಲ್ಲ.

ಎಣಿಕೆಯನ್ನು ಮೋಹನದಾಸ್ ಇಲಾಖೆಗೆ ಕಳಿಸಿದರು. ಉತ್ತರ ಬೇಗನೆ ಬಂತು. ಆದ್ಯತೆಯ ಕಾರಿಡಾರಿನಲ್ಲಿ ಬೇಲಿ ಹತ್ತಿ ಬಂದವರು ಕಾನೂನು ಮುರಿದವರು. ಅವರನ್ನು ಪಾದಚಾರಿಗಳೆಂದು ಎಣಿಸಲು ಬರುವುದಿಲ್ಲ. ಆದ್ದರಿಂದ ಅಲ್ಲಿ ದಾಟುವವರು ಈಗಲೂ ಇಲ್ಲ. ಮೋಹನದಾಸ್ ಆ ಉತ್ತರವನ್ನು ಆನ್ಸೆಲ್ಮನಿಗೆ ಓದಿ ಹೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನನಗೆ ಇದು ಹೊಳೀಲೇ ಇಲ್ಲ ಮಾರಾಯ," ಎಂದರು. ಸುಳ್ಳಲ್ಲ, ಅವರಿಗೆ ನಿಜವಾಗಿಯೂ ಹೊಳೆದಿರಲಿಲ್ಲ. ಆನ್ಸೆಲ್ಮನಿಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಟ್ಟು ಮಾಡುವಷ್ಟು ಯೋಗ್ಯತೆ ತನಗೆ ಉಳಿದಿಲ್ಲ ಎಂದು ಅವನಿಗೆ ಅನಿಸಿತು.

ಶವ ಊರಿಗೆ ಹೋಯಿತು. ಮಣ್ಣು ಮುಗಿದ ಮೇಲೆ ಕಿನ್ನಿಗೋಳಿಯಿಂದ ಮಾವ್ಶಿ ಫೋನ್ ಮಾಡಿದರು. ಮಧ್ಯಾಹ್ನದ ಹೊತ್ತು, ಶಾರನ್ ಶಾಲೆಯಿಂದ ಬಂದು ಕಾರ್ಟೂನ್ ನೋಡುತ್ತಿದ್ದಳು, ತೆರೆಸಾ ಡ್ಯೂಟಿಗೆ ಹೊರಡಲು ಆಸ್ಪತ್ರೆಯ ಸಮವಸ್ತ್ರ ಹಾಕಿಕೊಂಡು ನಿಂತಿದ್ದಳು. ಮಾವ್ಶಿ ಅಳಲಿಲ್ಲ. ಇಗರ್ಜಿ ತುಂಬ ಜನ ಇದ್ದರು, ಪಾದ್ರಿಗಳು ಚೆನ್ನಾಗಿ ಮಾತಾಡಿದರು ಎಂದೆಲ್ಲ ಹೇಳಿದರು. ಆಮೇಲೆ ಕೇಳಿದರು.

"ಬಸ್ಸಲ್ಲೇ ಹೋಗ್ತೇನೆ ಅಂತ ನನಗೆ ಭಾಷೆ ಕೊಟ್ಟಿದ್ದ, ಪುತಾ. ಅವತ್ತು ಯಾಕೆ ನಡೆದ? ನಿನಗೆ ಎಂತಾದ್ರೂ ಹೇಳಿದ್ನಾ?"

ಆನ್ಸೆಲ್ಮ್ ಬಾಯಿ ತೆರೆದ. ತೆರೆಸಾ ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು.

"ಗೊತ್ತಿಲ್ಲ ಮಾವ್ಶಿ," ಎಂದ ಅವನು.

"ಹೋಗ್ಲಿ ಬಿಡು. ಕೊನೆಗೆ ಅವನ ಹತ್ತಿರ ನಮ್ಮವ ಅಂತ ನೀನೊಬ್ಬ ಇದ್ದೆಯಲ್ಲ. ಅಷ್ಟಾದ್ರೂ ದೇವರು ಕೊಟ್ಟ. ನೀನು ಮನಸ್ಸಿಗೆ ಹಚ್ಕೊಳ್ಬೇಡ, ಸರಿಯಾಗಿ ಊಟ ಮಾಡು. ವೀಸಾ ಕೊಟ್ಟು ಅವನಿಗೊಂದು ದಾರಿ ಮಾಡಿದವ ನೀನು, ನಾನು ಮರೆಯುವವಳಲ್ಲ."

ತೆರೆಸಾ ಬಾಗಿಲು ಎಳೆದುಕೊಂಡು ಹೋದಳು. ಮಾವ್ಶಿ ಅವನಿಗೆ ಸಮಾಧಾನ ಹೇಳುತ್ತಲೇ ಇದ್ದರು, ಅವನು ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಲೇ ಇದ್ದ.