ಅವ್ವ ಕೊಟ್ಟ ಹುಣಸೆ ಉಂಡೆ

ಪಡಸಾಲೆಯಲ್ಲಿ ಮತ್ತೆ ಸೀನಿದ, ಇದು ಮೂರನೆಯದೋ ನಾಲ್ಕನೆಯದೋ, ನಶ್ಯ ರೂಢಿಯಾದವರಿಗೆ ಸೀನು ಬರುವುದಿಲ್ಲ ಅಂತಾರೆ, ಈ ಏಜೆಂಟ್ ರಂಗಪ್ಪನಿಗೆ ಮಾತ್ರ ಬರುತ್ತದೆ, ಇಲ್ಲಿ ಅಡುಗೆಮನೆಯಲ್ಲಿ ಬಾಚಣಿಗೆಗೆ ಸಿಕ್ಕ ಗಂಟು ಬಿಡುತ್ತಿಲ್ಲ, ಅವ್ವಾ ನೋಯ್ತದೆ, ಮೆಲ್ಲಗೆ, ಅನ್ನುತ್ತಾಳೆ ನೀಲಿ, ನೋಯಲಿ, ಇಷ್ಟು ದಟ್ಟ ಕೂದಲು ಬೇಕೆಂದು ಯಾರು ಕೇಳಿದ್ದರು, ನನಗೂ ಇತ್ತು, ಇವಳ ವಯಸ್ಸಿನಲ್ಲಿ ನನಗೂ ಇದೇ ಕೂದಲು, ಈಗ ಇಲಿಬಾಲ — ಎಣ್ಣೆ ಸಾಲದು, ಇನ್ನೊಂದು ತೊಟ್ಟು. ತಲೆ ಬಗ್ಗಿಸೇ ಅಂದೆ, ಬಗ್ಗಿಸಿದಳು, ಬಗ್ಗಿಸಿಕೊಂಡೇ ಗುನುಗುತ್ತಿದ್ದಾಳೆ, ಗುನುಗಿದರೂ ಶ್ರುತಿ ತಪ್ಪುವುದಿಲ್ಲ ಹಾಳಾದ್ದು. ಮೂರನೇ ಸಲ ಬಂದಿದ್ದಾನೆ ಈ ಮನುಷ್ಯ, ನಾಟಕ ಕಂಪನಿಗಳಿಗೆ ಮಕ್ಕಳನ್ನು ಒದಗಿಸುವುದೇ ಇವನ ಕಸುಬು, ಸಂಕ್ರಾಂತಿಯ ಹೊತ್ತಿಗೆ ಶಿಕಾರಿಪುರದಲ್ಲಿ ಕ್ಯಾಂಪ್ ಹಾಕಿದ ಕಂಪನಿಯ ಹುಡುಗನಿಗೆ ಜ್ವರ ಬಂದು, ಭಜನೆಯಲ್ಲಿ ಹಾಡುವ ಹುಡುಗಿಯೊಬ್ಬಳಿದ್ದಾಳಂತೆ ಎಂದು ಇವಳಿಗೆ ರಾಜಕುಮಾರನ ವೇಷ ಕಟ್ಟಿ ನಿಲ್ಲಿಸಿದರಲ್ಲ, ಅವತ್ತಿನಿಂದ ಹಿಡಿದ ಗ್ರಹಚಾರ ಇದು. ಮೊದಲ ಸಲ ಬಂದಾಗ ಶಾಲೆಯ ಪರೀಕ್ಷೆ ಮುಗಿಯಲಿ ಅಂದೆ. ಎರಡನೇ ಸಲ ಬಂದಾಗ ಮುಂಬದಿಯ ಹಲ್ಲು ಬಿದ್ದಿತ್ತು, ಮಾತಿನಲ್ಲಿ ಗಾಳಿ ಹೋಗ್ತದ್ರೀ, ಹಲ್ಲು ಬರಲಿ ಅಂದೆ. ಈಗ ಪರೀಕ್ಷೆಯೂ ಮುಗಿದಿದೆ, ಹಲ್ಲೂ ಬಂದಿದೆ, ಕರಾರಿನ ಕಾಗದ ಅವನ ಚೀಲದಲ್ಲಿದೆ. ನೋಡ್ರೀ ತಾಯಿ, ಮಕ್ಕಳ ಪಾತ್ರಕ್ಕ ಎಂಟರಿಂದ ಹನ್ನೆರಡು ವರ್ಷ, ಅಷ್ಟರೊಳಗೇ ಹೆಸರು ಮಾಡಬೇಕ್ರೀ, ಆಮೇಲೆ ನೀವೂ ಕಳಿಸಂಗಿಲ್ಲ, ಜನಾನೂ ಕೇಳಂಗಿಲ್ಲ, ಈಗ ರಾಜ್ಯ ಬೇರೆ ಒಂದಾಗೇತಿ, ಹುಬ್ಬಳ್ಳಿತನಕ ಕ್ಯಾಂಪು, ಇವತ್ತು ಎರಡರಲ್ಲಿ ಒಂದು ಹೇಳಿಬಿಡ್ರಿ. ಅದಕ್ಕೆ ಇವರು, ನನ್ನ ಯಜಮಾನರು, ಬಟ್ಟೆ ಅಂಗಡಿಯ ಸದಾಶಿವಪ್ಪನವರು ಏನಂದರು, ಹಾಡಿನ ಸಂಗತಿ ಇವಳಿಗೇ ಗೊತ್ತು ರಂಗಪ್ಪ, ಇವಳು ಹೂಂ ಅಂದ್ರೆ ಸಹಿ ಹಾಕ್ತೀನಿ. ಹಾಡಿನ ಸಂಗತಿ ಇವಳಿಗೆ ಗೊತ್ತಂತೆ! ಹದಿಮೂರು ವರ್ಷ ಆಯಿತು ಮದುವೆಯಾಗಿ, ಒಂದು ದಿನ ಹಾಡು ಅನ್ನಲಿಲ್ಲ, ಬಂದ ಹೊಸತರಲ್ಲಿ ಬಟ್ಟೆ ಒಣಹಾಕುತ್ತ ಹಾಡಿದ್ದಕ್ಕೆ ಮೆಲ್ಲಗೇ, ಮುಂದೆ ಅಂಗಡಿಗೆ ಕೇಳಿಸ್ತದೆ ಅಂದವರು ಇವರೇ, ಆವತ್ತು ನಾಟಕದಲ್ಲಿ ಮುಂದಿನ ಬೆಂಚಿನಲ್ಲಿ ಕೂತು, ಮಗಳು ಮೇಲಿನ ಸ್ವರ ಮುಟ್ಟಿದಾಗ ಶಲ್ಯದ ಚುಂಗಿನಿಂದ ಕಣ್ಣು ಒರೆಸಿಕೊಂಡರು. ನಾನು ನಾಟಕ ನೋಡಲಿಲ್ಲ. ಆ ಶಲ್ಯವನ್ನೇ ನೋಡುತ್ತಿದ್ದೆ.

ಹೊಟ್ಟೆಕಿಚ್ಚು ಇದು. ಬೇರೆ ಹೆಸರಿಲ್ಲ ಇದಕ್ಕೆ. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು ಪಡುವವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು, ಪಕ್ಕದ ಮನೆಯ ಬಂಗಾರಮ್ಮನಿಗೆ ಗೊತ್ತಾದರೆ ಏನು ಹೇಳಿಯಾಳು, ಅವಳೋ ನನ್ನನ್ನು, ನಿರ್ಮಲಮ್ಮ ಎಷ್ಟು ವಿಚಾರ ಮಾಡ್ತಾರೆ ನೋಡ್ರೀ, ಬೇರೇರಾಗಿದ್ರೆ ಅವತ್ತೇ ಬರ್ಕೊಟ್ಟು ಕೈತೊಳ್ಕೊಳ್ತಿದ್ರು ಅಂತ ಓಣಿಯಲ್ಲೆಲ್ಲ ಹೊಗಳುತ್ತಾಳೆ, ಹೊಗಳಿದಷ್ಟೂ ನಾನು ಇನ್ನೊಂದು ಕಾರಣ ಹುಡುಕುತ್ತೇನೆ, ಶಾಲೆ ಬಿಡಿಸುವುದು ಹೇಗೆ, ಡೇರೆಯಲ್ಲಿ ಮಲಗುವುದು ಹೇಗೆ, ಎಲ್ಲವೂ ನಿಜವೇ, ಎಲ್ಲ ತಾಯಂದಿರೂ ಕೇಳಬೇಕಾದದ್ದೇ, ನನ್ನ ಬಾಯಲ್ಲಿ ಮಾತ್ರ ಸುಳ್ಳು. ಜೊತೆಗೆ ನೀವೂ ಬರಬಹುದ್ರೀ, ತಾಯಿ ಇದ್ದರೆ ಕೂಸಿಗೆ ಧೈರ್ಯ ಅಂದ ರಂಗಪ್ಪ. ಬರಬಹುದಂತೆ, ಪರದೆಯ ಹಿಂದೆ ಬಿಸಿಹಾಲಿನ ಲೋಟ ಹಿಡಿದು ನಿಲ್ಲುವುದಕ್ಕೆ. ನನ್ನನ್ನೂ ಕೇಳಿಕೊಂಡು ಬಂದಿದ್ದರು, ಸೊರಬದ ನಮ್ಮ ಮನೆಗೆ, ಇಪ್ಪತ್ತು ವರ್ಷದ ಹಿಂದೆ, ಜರಿ ಪೇಟದ ಕಂಪನಿ ಯಜಮಾನರೇ ಬಂದು ಜಗಲಿಯ ಮೇಲೆ ಕೂತಿದ್ದರು, ನನಗೆ ಹತ್ತು ವರ್ಷ, ಅಪ್ಪನಿಗೆ ಕಳಿಸುವ ಮನಸ್ಸಿತ್ತು, ಒಂದು ಹಾಡು ಕೇಳಿಸಿದರೆ ಮುಗಿಯಿತು. ಆ ದಿನದಲ್ಲಿ ನೆನೆಯುವಂಥದ್ದು ಒಂದೇ, ಅವ್ವ. ನಮ್ಮ ಅವ್ವ ಮುದ್ದು ಮಾಡಿದವಳಲ್ಲ, ಅಕ್ಕನಾಗಮ್ಮನ ಬಾಯಿ ಅಂದರೆ ಕೇರಿಯೇ ಹೆದರುತ್ತಿತ್ತು, ಅವಳು ಅವತ್ತು ಅಡುಗೆಮನೆಗೆ ಕರೆದು ಅಂಗೈ ಚಾಚಿದಳು, ಅಂಗೈಯ ಮೇಲೆ ಉಪ್ಪು ಬೆಲ್ಲ ಜೀರಿಗೆ ಹಾಕಿ ಕುಟ್ಟಿದ ಹುಣಸೆ ಉಂಡೆ, ಬೆರಳ ಸಂದಿಯಲ್ಲಿ ಬೆಲ್ಲದ ಅಂಟು, ಮಣಿಕಟ್ಟಿನಲ್ಲಿ ಹಸಿರು ಬಳೆ, ತಗಾ ನನ್ನ ಬಂಗಾರ, ತಿನ್ನು ಅಂದಳು. ಬಂಗಾರ ಅಂದದ್ದು ಅದೊಂದೇ ಸಲ. ತಿಂದೆ, ಇನ್ನೊಂದು ಕೊಟ್ಟಳು, ಅದನ್ನೂ ತಿಂದೆ, ಜಗಲಿಗೆ ಹೋಗಿ ಬಾಯಿ ತೆರೆದರೆ ಗಂಟಲು ಕಟ್ಟಿ ಗೊರಗೊರ, ಮೊದಲೇ ಎರಡು ದಿನದಿಂದ ನೆಗಡಿ, ಯಜಮಾನರು ಮುಂದಿನ ವರ್ಷ ನೋಡೋಣ ಅಂತ ಎದ್ದರು, ಮುಂದಿನ ವರ್ಷ ಯಾರೂ ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಎಲ್ಲ ನನ್ನ ಬಾಯಿಚಪಲ ಅಂತ ಇಷ್ಟು ವರ್ಷ ನನ್ನನ್ನೇ ಬೈದುಕೊಂಡಿದ್ದೇನೆ, ಅವ್ವನ ಆ ಅಂಗೈ ಮಾತ್ರ ಜೋಪಾನ ಮಾಡಿದ್ದೇನೆ. ಅವ್ವ ಹೋಗಿ ಮೂರು ವರ್ಷವಾಯಿತು. ಅತ್ತಾಗ ನೆನೆದದ್ದೂ ಅದನ್ನೇ.

ಒಂದು ಜಡೆ ಆಯಿತು, ಟೇಪು ಎಲ್ಲಿ, ಇಲ್ಲೇ ಮಡಿಲಲ್ಲಿದೆ, ಕೆಂಪು ಟೇಪು, ಇನ್ನೊಂದು ಜಡೆ. ಅವ್ವಾ, ನಾ ಹೋದ್ರೆ ನೀನೂ ಬರ್ತೀಯ, ಅಂತ ಕೇಳುತ್ತಾಳೆ. ನೋಡೋಣ. ಅಂಗಳದಲ್ಲಿ ಹಾಡ್ತೀಯಲ್ಲ ನೀನು, ಅದನ್ನ ನನಗೆ ಕಲಿಸಿಕೊಡ್ತೀಯ? ಯಾವುದನ್ನೇ? ಯಾರೂ ಇಲ್ಲದಾಗ ಹಾಡ್ತೀಯಲ್ಲ, ಅದು. ಕೇಳಿಸಿಕೊಂಡಿದ್ದಾಳೆ, ಕಳ್ಳಿ, ಮೆಲ್ಲಗೆ ಹಾಡಿದ್ದನ್ನೂ ಕೇಳಿಸಿಕೊಂಡಿದ್ದಾಳೆ. ಅವ್ವ ಕೂಡ ಹಾಡುತ್ತಿದ್ದಳು, ಬೀಸುವಾಗ ಮಾತ್ರ, ಕಲ್ಲಿನ ಸದ್ದಿನಲ್ಲಿ ಮುಚ್ಚಿಹೋಗುವ ಹಾಗೆ, ನಾನು ಬಾಗಿಲಿಗೆ ಬಂದರೆ ನಿಲ್ಲಿಸಿ ಏನೇ ಅನ್ನುತ್ತಿದ್ದಳು, ನಿಮ್ಮವ್ವನ ಕಂಠದ ಮುಂದೆ ನೀನೇನೂ ಅಲ್ಲ ಬಿಡೇ ಅಂತ ಸೋದರತ್ತೆ ಒಮ್ಮೆ ಹೇಳಿದ್ದಳು, ನಾನು ನಕ್ಕಿದ್ದೆ, ನೂಲಿನಂತೆ ಸೀರೆ ತಾಯಿಯಂತೆ ಮಗಳು ಅಂತಲೂ ಅಂದಿದ್ದಳು — ಇಗೋ ಮುಗಿಯಿತು ಜಡೆ, ಏಳು. ಎದ್ದವಳ ಕಣ್ಣು ನೇರ ಗೂಡಿಗೆ ಹೋಯಿತು, ಗೂಡಿನಲ್ಲಿ ಭರಣಿ. ಅವ್ವಾ ಅದರಲ್ಲಿ ಹುಣಸೆ ಉಂಡೆ ಐತೆ ಅಲ್ವ, ನಿನ್ನೆ ನೀನು ಕುಟ್ಟಿದ್ದು ನೋಡಿದೀನಿ, ಒಂದೇ ಒಂದು ಕೊಡು. ಮಾಡಿಕೊಡು ಅಂತ ದಿನಾ ಕೇಳುತ್ತಾಳೆ, ದಿನಾ ನಾನು ಗಂಟಲು ಕೆಡುತ್ತದೆ ಅನ್ನುತ್ತೇನೆ, ಇವತ್ತು ಕೈ ಭರಣಿಗೆ ಹೋಗಿದೆ, ತೆಗೆದಿದೆ, ಅಂಗೈಯ ಮೇಲಿದೆ, ನಿನ್ನೆ ಯಾಕೆ ಕುಟ್ಟಿದೆ ಇದನ್ನು, ಒಂದು ವರ್ಷದಿಂದ ಮಾಡದವಳು, ಈ ರಂಗಪ್ಪ ಬರುತ್ತೇನೆಂದು ಬರೆದ ಕಾರ್ಡು ಬಂದದ್ದು ಮೊನ್ನೆ, ಒರಳ ಮುಂದೆ ನಾನು ಕೂತದ್ದು ನಿನ್ನೆ. ತಗಾ ನನ್ನ ಬಂಗಾರ. ಅಂದೆನೇ? ಅಂದೆ. ಬಂಗಾರ ಅಂದೆ. ಬೆರಳ ಸಂದಿಯಲ್ಲಿ ಬೆಲ್ಲದ ಅಂಟು, ಮಣಿಕಟ್ಟಿನಲ್ಲಿ ಹಸಿರು ಬಳೆ, ಇದು ಯಾರ ಕೈ, ಅವತ್ತು ನೆಗಡಿಯಾದ ಮಗುವಿಗೆ, ಹಾಡಬೇಕಾದ ಮಗುವಿಗೆ, ಜಗಲಿಯಲ್ಲಿ ಅವರು ಕಾಯುತ್ತಿರುವಾಗ, ಒಂದಲ್ಲ ಎರಡು, ಗೊತ್ತಿದ್ದೇ, ಅಯ್ಯೋ ಅವ್ವಾ.

ಬಾಯಿಗೆ ಹಾಕಿಕೊಂಡೆ, ನನ್ನ ಬಾಯಿಗೆ, ಇಡೀ ಉಂಡೆ, ನೀಲಿಯ ಬೆರಳು ಇನ್ನೂ ಚಾಚಿಕೊಂಡೇ ಇದೆ, ನೀನೇ ತಿಂದ್ಯಾ, ನನಗೆ ಅಂತ ತೆಗೆದು ನೀನೇ ತಿಂದ್ಯಾ, ಅವಳ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲೂ, ಹುಳಿಗೆ ದವಡೆ ಕಚ್ಚಿಕೊಂಡಿದೆ. ಹೋಗು, ಹೋಗಿ ಹಾಡು ಅಂತ ಬೆನ್ನು ನೂಕಿದೆ, ಸಿಟ್ಟಿನಲ್ಲೇ ಹೋದಳು, ಸಿಟ್ಟಿನಲ್ಲೇ ಎತ್ತಿಕೊಂಡಳು, ಎಳೆ ಗಂಟಲು, ಎಲ್ಲೂ ಕಟ್ಟಿಲ್ಲ, ಮೇಲಿನ ಸ್ವರಕ್ಕೆ ಹೋಯಿತು, ನಿಂತಿತು, ಆಹಾ ಅಂದ ರಂಗಪ್ಪ, ಇವರು ಶಲ್ಯದಿಂದ ಕಣ್ಣು ಒರೆಸಿಕೊಳ್ಳುತ್ತಿರುತ್ತಾರೆ ಈಗ, ನೋಡದೆಯೇ ಗೊತ್ತು, ಆ ಕಿಚ್ಚು ಈಗಲೂ ಉರಿಯುತ್ತದೆ, ಕಡಿಮೆಯಾಗಿಲ್ಲ, ಒಂದು ಚೂರೂ ಕಡಿಮೆಯಾಗಿಲ್ಲ. ನಿರ್ಮಲಾ, ಏನಂತೀಯೇ, ಸಹಿ ಹಾಕ್ಲೋ ಬ್ಯಾಡ್ವೋ, ಅವರಿಗೆ ಬಸ್ಸಿನ ಹೊತ್ತಾತು. ಬಾಯಿ ತುಂಬಿದವಳಿಗೆ ಹೂಂ ಅನ್ನುವುದಕ್ಕೂ ಆಗುತ್ತದೆ, ಊಹೂಂ ಅನ್ನುವುದಕ್ಕೂ ಆಗುತ್ತದೆ. ಏನೇ, ಕೇಳಿಸ್ತೇನೇ? ಹೂಂ ಅಂದೆ. ಗಟ್ಟಿಯಾಗಿ, ಅಂಗಡಿಗೂ ಕೇಳಿಸುವ ಹಾಗೆ, ಹೂಂ. ಬೀಜ ಒಂದು ಉಳಿದುಬಿಟ್ಟಿತ್ತು ಉಂಡೆಯಲ್ಲಿ, ಹಲ್ಲಿಗೆ ಸಿಕ್ಕಿದೆ, ಉಗುಳಲಾರೆ, ನುಂಗಲಾರೆ, ಅಂಗೈ ಇನ್ನೂ ಚಾಚಿಕೊಂಡೇ ಇದೆ, ಮುಚ್ಚುತ್ತಿಲ್ಲ, ಬೆರಳ ಸಂದಿಯಲ್ಲಿ ಬೆಲ್ಲದ ಅಂಟು, ಹಸಿರು ಬಳೆ, ಅವ್ವನ ಅಂಗೈ, ತಗಾ ನನ್ನ ಬಂಗಾರ, ಅವ್ವನ ಅಂಗೈ —