ಹುಲ್ಲಿನ ಕೆಳಗಿನ ತಗಡು

ಕೊಯ್ಲು ಮುಗಿದ ಮೇಲೆ ಬಿದ್ದ ಮೊದಲ ಮಳೆಗೇ ಕಿಶ್ವರ್ ಹಾಸಿಗೆ ಸುತ್ತಿಕೊಂಡು ಕೋಳಿಗೂಡಿಗೆ ಹೋಗಿ ಕೂತಳು. ಗೂಡಿನ ಮೇಲೆ ಎಣ್ಣೆಡಬ್ಬಿಗಳನ್ನು ಚಪ್ಪಟೆಯಾಗಿ ತಟ್ಟಿ ಹೊದಿಸಿದ ತಗಡಿತ್ತು. ಮನೆಯ ಮೇಲಿದ್ದದ್ದು ಹುಲ್ಲು, ಅದೂ ಒಂಬತ್ತು ವರ್ಷ ಹಳೆಯದು.

ಗಂಡ ಕಬ್ಲಾ ಷಾಬಾನ್ ಫೂಮನ್ ಸೀಮೆಗೇ ಹೆಸರಾದ ಹುಲ್ಲುಮಾಡಿನ ಕೆಲಸಗಾರ. ನಲವತ್ತು ವರ್ಷ ಊರವರ ಮನೆ ಹೊದಿಸುವುದರಲ್ಲೇ ಕಳೆದು, ತನ್ನ ಮನೆಯ ಕಡೆ ತಲೆಯೆತ್ತಿ ನೋಡಲು ಅವನಿಗೆ ಪುರುಸೊತ್ತು ಸಿಕ್ಕಿರಲಿಲ್ಲ.

"ಹೊರಗೆ ಬಾರೇ. ನೋಡ್ದೋರು ಏನಂತಾರೆ?" ಎಂದು ಗೂಡಿನ ಬಾಗಿಲಲ್ಲಿ ಬಗ್ಗಿ ಕೇಳಿದ.

"ಹೆಂಡ್ತೀನ ಕೋಳಿಗಿಂತ ಕಡೆಯಾಗಿ ಇಟ್ಟಿದಾನೆ ಅಂತಾರೆ. ಸುಳ್ಳೇನಲ್ಲವಲ್ಲ. ತಗಡು ಹಾಕ್ಸು, ಬರ್ತೀನಿ. ರೇಷ್ಮೆಗೂಡು ಮಾರಿದ ದುಡ್ಡು ನನ್ನ ಹತ್ರ ಇದೆ."

"ನನ್ನ ಮನೆಗೆ ತಗಡಾ? ಇವನ ಮನೇಗೇ ಇವನ ಕೆಲಸ ಬೇಡವಂತೆ ಅಂದ್ರೆ ನಾಳೆ ನನ್ನನ್ನ ಯಾರು ಕರೀತಾರೆ?"

"ಅಯ್ಯೋ, ಕೋಳಿಗಳು ಕರೀತವೆ, ಬಿಡು."

ತಗಡು ಬೇಕೆಂಬ ಅವಳ ಮಾತಿನಲ್ಲಿ ನಿಜವಿತ್ತು, ಅದು ಅವನಿಗೂ ಗೊತ್ತಿತ್ತು. ಹಿಂದಿನ ಬತ್ತದ ಹುಲ್ಲು ಎದೆಯೆತ್ತರ ಬರುತ್ತಿತ್ತು. ಈಗಿನ ಹೊಸ ತಳಿಯದು ಮೊಣಕಾಲು ಮುಟ್ಟಿದರೆ ಹೆಚ್ಚು. ಹೊದಿಸಿದರೆ ಎರಡು ಮಳೆಗಾಲಕ್ಕೆ ಕೊಳೆತು ಗೊಬ್ಬರ.

ಮೂರು ದಿನ ತಾನೇ ಅನ್ನ ಬೇಯಿಸಿಕೊಂಡು ಸೀಯಿಸಿಕೊಂಡ ಮೇಲೆ ಕಬ್ಲಾ ಒಂದು ಕರಾರಿನ ಮೇಲೆ ಒಪ್ಪಿದ: ತಗಡು ಕೆಳಗೆ, ಹುಲ್ಲು ಮೇಲೆ. ಊರಿಗೆ ಊರೇ ಪಕ್ಕದ ಹಳ್ಳಿಯ ಮದುವೆಗೆ ಹೋದ ದಿನ, ಭಾವಮೈದುನನನ್ನು ಕರೆಸಿಕೊಂಡು ತಗಡು ಬಡಿದು, ಅದರ ಮೇಲೆ ಬಿದಿರ ದಬ್ಬೆ ಕಟ್ಟಿ, ಹೊತ್ತು ಮುಳುಗುವುದರೊಳಗೆ ಹುಲ್ಲು ಹೊದಿಸಿಯೇಬಿಟ್ಟ.

ಆ ಊರಿನಲ್ಲಿ ಮಾಡು ಹೊದಿಸುವುದೆಂದರೆ ಯಾವರಿ. ನೆರೆಯವರೆಲ್ಲ ಕೂಲಿಯಿಲ್ಲದೆ ಬಂದು ಕೈಹಾಕುವುದು, ಮನೆಯವರು ಹೊಗೆಯಲ್ಲಿ ಒಣಗಿಸಿದ ಮೀನು ಬೇಯಿಸಿ ಹೊಟ್ಟೆ ತುಂಬ ಬಡಿಸುವುದು. ಕಬ್ಲಾ ಯಾರನ್ನೂ ಕರೆಯದೆ ಮುಗಿಸಿದ್ದನ್ನು ಕಂಡು, ಹೊಗೆಮೀನಿನ ಊಟ ತಪ್ಪಿಸಿದ ಜಿಪುಣ ಎಂದು ಜನ ಒಂದು ವಾರ ಆಡಿಕೊಂಡರು.

ಆಮೇಲೆ ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಎಲ್ಲರ ಮನೆಯಲ್ಲೂ ಸೋರುವಲ್ಲಿ ಬೋಗುಣಿ, ಪಾತ್ರೆ, ತಪ್ಪಲೆ. ಕಬ್ಲಾನ ಮನೆಯಲ್ಲಿ ಮಾತ್ರ ಒಂದು ಹನಿಯಿಲ್ಲ. ಮೇಲೆ ಹುಲ್ಲಿದ್ದದ್ದರಿಂದ ತಗಡಿನ ಸದ್ದೂ ಇಲ್ಲ. ಇಲಿಗಳು ಹುಲ್ಲಿನಲ್ಲಿ ಗೂಡು ಕಟ್ಟಿದರೂ ಒಳಗಿಳಿಯಲು ದಾರಿ ಕಾಣದೆ ಗುಳೆ ಹೋದವು. ಜನ ಬಂದು ಕತ್ತು ನೋಯುವವರೆಗೆ ಮಾಡು ನೋಡಿದರು. "ಕೈ ಅಂದ್ರೆ ಕಬ್ಲಾ ಕೈ!" ಎಂದರು. ಮೊದಲ ವಾರ ಕಬ್ಲಾ ನಾಚಿ ತಲೆ ತಗ್ಗಿಸಿದ. ಎರಡನೆಯ ವಾರ ಮೀಸೆ ತಿರುವಿದ. ಮೂರನೆಯ ವಾರ ಅವನಿಗೂ ಅದು ತನ್ನ ಕೈಗುಣವೇ ಅನ್ನಿಸತೊಡಗಿತು.

ಆಗ ಪಕ್ಕದ ಮನೆಯ ತರುಣ ನುಸ್ರತ್ ಬಂದ. ಅವನ ಮನೆಯಲ್ಲಿ ಎರಡು ತಿಂಗಳ ಅವಳಿ ಮಕ್ಕಳು.

"ಕಬ್ಲಾ, ತೊಟ್ಟಿಲ ಮೇಲೆ ಕೊಡೆ ಬಿಚ್ಚಿಟ್ಟಿದೀವಿ. ಒಂದಕ್ಕೆ ಕೆಮ್ಮು ಹಿಡಿದಿದೆ. ಫೂಮನ್ ಪೇಟೇಲಿ ತಗಡಿಗೆ ಹೇಳಿದ್ದೆ. ನಿಮ್ಮ ಮಾಡು ನೋಡಿದ ಮೇಲೆ ಅದ್ಯಾಕೆ? ನಾಳೆನೇ ಹೋಗಿ ಬೇಡ ಅಂದುಬರ್ತೀನಿ. ನೀವೇ ಹುಲ್ಲು ಹೊದಿಸಿಕೊಡಿ."

"ಬೇಡ," ಎಂದ ಕಬ್ಲಾ.

"ಯಾಕೆ?"

"ಹುಲ್ಲು ಗಿಡ್ಡ."

"ನಿಮ್ಮದೂ ಅದೇ ಗಿಡ್ಡ ಹುಲ್ಲಲ್ವಾ?"

"ನನಗೆ ಸೊಂಟನೋವಪ್ಪ."

"ಯಾವರಿಗೆ ಊರೇ ಬರುತ್ತೆ. ಊಟ ನಾನು ಹಾಕ್ತೀನಿ ಕಬ್ಲಾ, ನೀವು ಹೆದರಬೇಡಿ!"

ಕಿಶ್ವರ್ ಚಹಾ ತಂದಿಟ್ಟಳು. ಕಬ್ಲಾ ಅವಳ ಮುಖ ನೋಡಿದ. ಅವಳು ಚಹಾದ ಜೊತೆಗಿಟ್ಟ ಸಕ್ಕರೆ ತುಂಡನ್ನು ನೋಡಿದಳು. ಗೋಡೆಯಾಚೆ ಕೂಸು ಕೆಮ್ಮುವುದು ಕೇಳುತ್ತಿತ್ತು. ಕಬ್ಲಾ ಚಹಾ ಕುಡಿಯದೆ ಎದ್ದ. ಏಣಿ ಹಾಕಿ ಮಾಡು ಹತ್ತಿದ.

"ಮಳೇಲಿ ಎಲ್ಲಿಗೆ ಹತ್ತಿದ್ರಿ?" ಎಂದು ನುಸ್ರತ್ ಕೆಳಗಿನಿಂದ ಕೂಗಿದ.

"ಬಾಯಲ್ಲಿ ಹೇಳೋಕೆ ಬರ್ತಿಲ್ಲ. ಕಣ್ಣಲ್ಲೇ ನೋಡು," ಎಂದು ಕಬ್ಲಾ ಮಾಡಿನ ನೆತ್ತಿಯಲ್ಲಿ ಹುಲ್ಲು ಬಿಗಿದ ಹಗ್ಗಕ್ಕೆ ಕುಡುಗೋಲು ಹಾಕಿದ. ತೋರಿಸಲು ಒಂದು ಹಿಡಿ ಹುಲ್ಲು ಸರಿಸಿದ್ದರೆ ಸಾಕಿತ್ತು. ಆದರೆ ನುಣ್ಣನೆಯ ತಗಡಿನ ಮೇಲೆ ನೆನೆದು ಭಾರವಾಗಿದ್ದ ಇಡೀ ಮಗ್ಗುಲು ಕದಲಿತು. ನಲವತ್ತು ವರ್ಷದಲ್ಲಿ ಒಮ್ಮೆಯೂ ಮಾಡಿನಿಂದ ಬೀಳದ ಕಬ್ಲಾ ಹುಲ್ಲಿನ ಮೇಲೆ ಕೂತು, ಗಾಡಿಯಲ್ಲಿ ಕೂತು ಬರುವ ಮದುಮಗನಂತೆ ಅಂಗಳಕ್ಕೆ ಬಂದಿಳಿದ. ಕೋಳಿಗಳು ಚೆಲ್ಲಾಪಿಲ್ಲಿಯಾದವು. ಮೇಲೆ ತಗಡು ತೊಳೆದ ತಟ್ಟೆಯಂತೆ ಹೊಳೆಯಿತು.

"ಇದಾ ಕೈಗುಣ!" ಎಂದ ನುಸ್ರತ್.

"ಇದೇ," ಎಂದ ಕಬ್ಲಾ, ಮೀಸೆಯ ಹುಲ್ಲು ಕೀಳುತ್ತ. "ತಗಡೇ ಹಾಕ್ಸು. ಮಕ್ಕಳು ಬೆಚ್ಚಗಿರ್ತವೆ. ಊರಿಗೂ ಹೇಳು ಹೋಗು, ನಗಲಿ."

ಊರು ಸಂಜೆಯೊಳಗೆ ನಕ್ಕು, ಮರುದಿನ ಮತ್ತೆ ನಕ್ಕಿತು. ಕಬ್ಲಾ ಮನೆಯಿಂದ ಹೊರಗೆ ಬರಲಿಲ್ಲ. ತಗಡಿನ ಮೇಲೆ ಮಳೆ ಡೋಲು ಬಡಿಯುತ್ತಿತ್ತು. "ಈಗ ನೀನು ಗೊಣಗೋದು ಕೇಳ್ಸೋದೇ ಇಲ್ಲ, ಎಷ್ಟು ಸುಖ!" ಎಂದು ಕಿಶ್ವರ್ ಕೂಗಿ ಹೇಳಿದಳು.

ಆರನೆಯ ದಿನ ಮಳೆ ಬಿಟ್ಟಾಗ ನುಸ್ರತನ ಮನೆಗೆ ಅಲೆಅಲೆಯಾದ ತಗಡು ಹೊತ್ತು ಪೇಟೆಯ ಕೆಲಸಗಾರರು ಬಂದರು. ಕಬ್ಲಾ ಬೇಲಿಯ ಸಂದಿಯಿಂದ ನೋಡಿದ. ಸ್ವಲ್ಪ ಹೊತ್ತು ತಡೆದುಕೊಂಡ. ಆಮೇಲೆ ತಡೆಯಲಾಗಲಿಲ್ಲ.

"ಲೋ! ತಗಡಿನ ತಗ್ಗಿಗೆ ಮೊಳೆ ಹೊಡೀತಾರೇನೋ? ನೀರು ಹರಿಯೋ ದಾರೀಲೇ ತೂತು ಮಾಡಿ, ಸೋರಬೇಡ ಅಂದ್ರೆ ಅದು ಕೇಳುತ್ತಾ? ಉಬ್ಬಿಗೆ ಹೊಡೀರೋ, ಉಬ್ಬಿಗೆ!"

"ತಗಡಿನ ವಿಷಯ ನಿನಗೇನು ಗೊತ್ತು ಮುದುಕಪ್ಪ?" ಎಂದ ಮೇಲಿದ್ದವನು.

"ತಗಡು ನಂಗೊತ್ತಿಲ್ಲ. ನೀರು ಗೊತ್ತು."

ನುಸ್ರತ್ ಮಾಡನ್ನೊಮ್ಮೆ, ಕಬ್ಲಾನನ್ನೊಮ್ಮೆ ನೋಡಿದ. ಕೆಲಸಗಾರನನ್ನು ಕೆಳಗಿಳಿಸಿ, ಬೇಲಿಯಾಚೆಗೆ ಸುತ್ತಿಗೆ ಚಾಚಿದ.

"ಊಟಕ್ಕೆ ಹೊಗೆಮೀನು ಇದೆಯಾ?" ಎಂದು ಕೇಳುತ್ತಲೇ ಕಬ್ಲಾ ಬೇಲಿ ದಾಟಿದ.